ಮೂವತ್ತು ತುಂಬುವವರೆಗೆ ಕಾಯದ ಕಾಯಿಲೆ: ತುಮಕೂರು ಜಿಲ್ಲಾಡಳಿತಕ್ಕೆ ಒಂದು ಬಹಿರಂಗ ಪತ್ರ

ಗೆ,
ಮಾನ್ಯ ಜಿಲ್ಲಾಧಿಕಾರಿಗಳು,
ಮಾನ್ಯ ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳು,
ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಅಧಿಕಾರಿಗಳು,
ತುಮಕೂರು.

ವಿಷಯ: ಹದಿನಾರರಿಂದ ಮೂವತ್ತು ವರ್ಷದೊಳಗಿನವರಲ್ಲಿ ಸಂತೋಷ ಪಡುವ ಶಕ್ತಿ ಕುಗ್ಗಿದ್ದರೆ ಅದನ್ನು ಸ್ಕಿಜೋಫ್ರೇನಿಯಾದ ಮುನ್ಸೂಚನೆಯಾಗಿಯೂ ಗಮನಿಸುವ ವ್ಯವಸ್ಥೆ ಕೋರಿ.

ಮಾನ್ಯರೇ,

ಬಿಪಿ, ಶುಗರ್, ಕ್ಯಾನ್ಸರ್ ತಪಾಸಣೆಗೆಂದು ಆಶಾ ಕಾರ್ಯಕರ್ತೆಯರು ಮನೆಮನೆಗೆ ಒಯ್ಯುವ ನಮೂನೆಯನ್ನು ತಾವು ನೋಡಿರುತ್ತೀರಿ. ವಯಸ್ಸು, ಬೀಡಿ-ತಂಬಾಕು, ಕುಡಿತ, ಸೊಂಟದ ಸುತ್ತಳತೆ, ಮನೆಯಲ್ಲಿ ಯಾರಿಗಾದರೂ ಕಾಯಿಲೆ ಇದೆಯೇ ಎಂದೆಲ್ಲ ಕೇಳಿಯಾದ ಮೇಲೆ, ಕೊನೆಯಲ್ಲಿ ಮನಸ್ಸಿನ ಬಗ್ಗೆ ಎರಡೇ ಎರಡು ಪ್ರಶ್ನೆಗಳಿವೆ. ಕಳೆದ ಎರಡು ವಾರಗಳಲ್ಲಿ ಮಾಡುವ ಕೆಲಸದಲ್ಲಿ ಆಸಕ್ತಿಯಾಗಲಿ ಸಂತೋಷವಾಗಲಿ ಕಡಿಮೆಯಾಗಿದೆಯೇ ಎಂಬುದು ಮೊದಲನೆಯದು. ಮನಸ್ಸು ಕುಗ್ಗಿದೆಯೇ, ಹತಾಶೆ ಕಾಡುತ್ತಿದೆಯೇ ಎಂಬುದು ಎರಡನೆಯದು. ಒಂದೊಂದಕ್ಕೂ ಸೊನ್ನೆಯಿಂದ ಮೂರರವರೆಗೆ ಅಂಕ. ಮೊತ್ತ ಮಿತಿ ದಾಟಿದರೆ ಸಮುದಾಯ ಆರೋಗ್ಯ ಅಧಿಕಾರಿಯ ಬಳಿಗೋ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರ ಬಳಿಗೋ ಕಳಿಸಬೇಕು. ಪ್ರಶ್ನೆಗಳು ಒಳ್ಳೆಯವೇ. ಆದರೆ ಆ ನಮೂನೆ ಭರ್ತಿಯಾಗುವುದು ಮೂವತ್ತು ತುಂಬಿದವರಿಗೆ ಮಾತ್ರ. ಮೊದಲ ಪ್ರಶ್ನೆಗೆ ‘ಹೌದು’ ಎಂಬ ಉತ್ತರ ಬಂದರೂ ಅದನ್ನು ಖಿನ್ನತೆ ಎಂದಷ್ಟೇ ಓದಲಾಗುತ್ತದೆ.

ನಮ್ಮ ತಕರಾರು ಈ ಎರಡರ ಮೇಲೆ.

ಸ್ಕಿಜೋಫ್ರೇನಿಯಾ ಮೂವತ್ತರವರೆಗೆ ಕಾಯುವ ಕಾಯಿಲೆಯಲ್ಲ. ಹದಿವಯಸ್ಸಿನ ಕೊನೆಯಿಂದ ಮೂವತ್ತರ ನಡುವೆ ಬಹುಪಾಲು ಪ್ರಕರಣಗಳು ಬಯಲಿಗೆ ಬರುತ್ತವೆ. ಗಂಡಸರಲ್ಲಿ ಇಪ್ಪತ್ತರ ಆಸುಪಾಸಿನಲ್ಲಿ, ಹೆಂಗಸರಲ್ಲಿ ಕೆಲವು ವರ್ಷ ತಡವಾಗಿ. ಬಯಲಿಗೆ ಬರುವುದು ಎಂದರೆ ಕಿವಿಯಲ್ಲಿ ಧ್ವನಿ ಕೇಳುವುದು, ಅಕ್ಕಪಕ್ಕದವರು ಸಂಚು ಮಾಡುತ್ತಿದ್ದಾರೆ ಎಂಬ ಅಲುಗಾಡದ ನಂಬಿಕೆ, ಒಬ್ಬೊಬ್ಬರೇ ಮಾತಾಡಿಕೊಳ್ಳುವುದು. ಜರ್ಮನಿಯ ಮ್ಯಾನ್‌ಹೈಮ್‌ನಲ್ಲಿ ಮೊದಲ ಬಾರಿ ಆಸ್ಪತ್ರೆಗೆ ಸೇರಿದ ರೋಗಿಗಳ ಹಿನ್ನೆಲೆಯನ್ನು ಕೂಲಂಕಷವಾಗಿ ಕೆದಕಿದ ಸಂಶೋಧಕರು ಕಂಡದ್ದು ಇದು: ನಾಲ್ವರಲ್ಲಿ ಸುಮಾರು ಮೂವರಿಗೆ ಕಾಯಿಲೆ ಶುರುವಾದದ್ದು ಧ್ವನಿಯಿಂದಲ್ಲ, ಮಂಕು, ಮೌನ, ನಿರಾಸಕ್ತಿ, ಚಡಪಡಿಕೆಗಳಿಂದ. ಆ ಮೌನದ ಹಂತ ಸರಾಸರಿ ಕೆಲವು ವರ್ಷಗಳಷ್ಟು ಉದ್ದವಿತ್ತು. ನಮ್ಮ ನಮೂನೆ ಅಷ್ಟೂ ವರ್ಷ ಮುಚ್ಚಿಕೊಂಡೇ ಇರುತ್ತದೆ. ಅದು ತೆರೆದುಕೊಳ್ಳುವ ಹೊತ್ತಿಗೆ ಆ ವ್ಯಕ್ತಿ ಓದು ಬಿಟ್ಟು, ಕೆಲಸ ಬಿಟ್ಟು, ಮೂರು ನಾಲ್ಕು ದೇವಸ್ಥಾನ ಸುತ್ತಿ, ಎರಡು ತಾಯತ ಕಟ್ಟಿಸಿಕೊಂಡಿರುತ್ತಾನೆ.

ಮನೆಯವರ ಕಣ್ಣಿಗೆ ಈ ಹಂತ ಹೇಗೆ ಕಾಣುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕು, ಏಕೆಂದರೆ ಕಾಯಿಲೆ ಕೈತಪ್ಪುವುದು ಇಲ್ಲೇ. ತಿಪಟೂರು, ಗುಬ್ಬಿ ಕಡೆಯಿಂದ ಹಿಡಿದು ಶಿರಾ, ಮಧುಗಿರಿಯವರೆಗೆ ಮಾತು ಒಂದೇ: “ಮೊದ್ಲು ಹಿಂಗಿರ್ಲಿಲ್ಲ, ಈಗ ಮಂಕು ಬಡ್ದಂಗೆ ಕೂತಿರ್ತಾನೆ.” ಪಿಯುಸಿಯವರೆಗೆ ಊರ ಹುಡುಗರ ಜೊತೆ ಕ್ರಿಕೆಟ್ಟು, ಕಬಡ್ಡಿ ಎಂದು ಓಡಾಡುತ್ತಿದ್ದವನು ಒಬ್ಬೊಬ್ಬರನ್ನೇ ಬಿಡುತ್ತಾನೆ. ಜಗಳವಾಗಿ ಬಿಟ್ಟದ್ದಲ್ಲ, ಸುಮ್ಮನೆ ಬಿಟ್ಟದ್ದು. ಊರಲ್ಲಿ ಕುರುಕ್ಷೇತ್ರ ನಾಟಕದ ತಾಲೀಮು ನಡೆಯುತ್ತಿದ್ದರೂ ಆ ಕಡೆ ತಲೆ ಹಾಕುವುದಿಲ್ಲ. ಹೊಸ ತೊಡಕಿನ ದಿನ ಮನೆ ತುಂಬ ನೆಂಟರಿದ್ದರೆ ತಟ್ಟೆ ಹಿಡಿದು ಹಿತ್ತಲಿಗೆ ಹೋಗುತ್ತಾನೆ. ಬೈದರೆ ಸಿಟ್ಟಿಲ್ಲ, ಹೊಗಳಿದರೆ ಹಿಗ್ಗಿಲ್ಲ. ಮನೆಯವರು ಮೊದಲು ಸೋಂಬೇರಿ ಎನ್ನುತ್ತಾರೆ, ಆಮೇಲೆ ಮೊಬೈಲ್ ಹುಚ್ಚು ಎನ್ನುತ್ತಾರೆ, ಆಮೇಲೆ ಯಾರೋ ಏನೋ ಮಾಡಿಸಿದ್ದಾರೆ ಎನ್ನುತ್ತಾರೆ. ಕೊನೆಗೆ ಬರುವ ಸಲಹೆ ಎಲ್ಲರಿಗೂ ಗೊತ್ತು: ಮದುವೆ ಮಾಡಿ, ಸರಿಹೋಗುತ್ತಾನೆ.

ಹೆಣ್ಣುಮಕ್ಕಳ ವಿಷಯದಲ್ಲಿ ಪರಿಸ್ಥಿತಿ ಇನ್ನೂ ಕಷ್ಟ. ಮಾತು ಕಡಿಮೆಯಾಗಿ, ಗೆಳತಿಯರು ದೂರವಾಗಿ, ಮೂಲೆ ಸೇರಿದ ಹುಡುಗಿಯನ್ನು ನಮ್ಮ ಊರುಗಳು ಕಾಯಿಲೆಯವಳು ಎಂದು ನೋಡುವುದಿಲ್ಲ. “ಬಾಳ ಸಾಧು ಹುಡುಗಿ” ಎಂದು ಹೊಗಳುತ್ತವೆ. ಗಂಡಿನ ಕಡೆಯವರಿಗೂ ಅದೇ ಹಿಡಿಸುತ್ತದೆ. ಮದುವೆಯಾಗಿ, ಬಾಣಂತನದ ನಿದ್ದೆಗೇಡಿನಲ್ಲಿ ಕಾಯಿಲೆ ಕೆರಳಿದಾಗ ತವರಿನವರು ವಿಷಯ ಮುಚ್ಚಿಟ್ಟು ಕೊಟ್ಟರು ಎಂಬ ಆರೋಪ ಬರುತ್ತದೆ. ಅವರು ಮುಚ್ಚಿಟ್ಟಿರುವುದಿಲ್ಲ. ಅದು ಕಾಯಿಲೆಯ ಲಕ್ಷಣ ಎಂದು ಅವರಿಗೆ ಯಾರೂ ಹೇಳಿರುವುದಿಲ್ಲ.

ಈ ನಂಟು ಹೊಸ ಸಂಶೋಧನೆಯೇನೂ ಅಲ್ಲ. ಸಂತೋಷ ಪಡಲಾಗದ ಈ ಸ್ಥಿತಿಗೆ ಫ್ರಾನ್ಸಿನ ಮನಶ್ಶಾಸ್ತ್ರಜ್ಞ ರಿಬೋ 1896ರಲ್ಲೇ ‘ಆನ್‌ಹೆಡೋನಿಯಾ’ ಎಂದು ಹೆಸರಿಟ್ಟಿದ್ದರು. 1962ರಲ್ಲಿ ಅಮೆರಿಕದ ಪಾಲ್ ಮೀಲ್, ಸ್ಕಿಜೋಫ್ರೇನಿಯಾದ ಕಡೆಗೆ ವಾಲಿರುವವರಲ್ಲಿ ಸಂತೋಷದ ಸಾಮರ್ಥ್ಯವೇ ಹುಟ್ಟಿನಿಂದ ಕಡಿಮೆ ಇರುತ್ತದೆ ಎಂದು ವಾದಿಸಿದರು. ಮುಂದೆ ಅವರೇ ಆ ವಾದದ ಬಿಗಿ ಸಡಿಲಿಸಿದರು ಎನ್ನುವುದನ್ನೂ ಹೇಳಬೇಕು. 1976ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಚಾಪ್‌ಮನ್ ದಂಪತಿ ಮತ್ತು ಅವರ ಸಹೋದ್ಯೋಗಿಗಳು ಇದನ್ನು ಅಳೆಯಲು ಪ್ರಶ್ನಾವಳಿ ಮಾಡಿದರು. ಅದರಲ್ಲಿ ಎರಡು ಭಾಗ. ಊಟದ ರುಚಿ, ಸ್ಪರ್ಶ, ದನಿ, ನೋಟಗಳಿಂದ ಸಿಗುವ ಸುಖ ಒಂದು. ಜನರ ಜೊತೆ ಇರುವುದರಿಂದ, ಮಾತಿನಿಂದ, ಗೆಳೆತನದಿಂದ ಸಿಗುವ ಸುಖ ಇನ್ನೊಂದು.

ಈ ಎರಡನ್ನು ಬೇರೆ ಮಾಡಿದ್ದರಿಂದಲೇ ಮುಂದಿನ ವಿಷಯ ತಿಳಿಯಿತು. ಅದೇ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳನ್ನು ಹತ್ತು ವರ್ಷ ಬಿಟ್ಟು ಮತ್ತೆ ಪರೀಕ್ಷಿಸಿದಾಗ, ಕೇವಲ ದೈಹಿಕ ಸುಖ ಕಡಿಮೆಯಿದ್ದವರಲ್ಲಿ ಸೈಕೋಸಿಸ್ (ಇಲ್ಲದ ಧ್ವನಿ ಕೇಳುವ, ಅಲುಗಾಡದ ಅನುಮಾನ ಬೇರೂರುವ ಸ್ಥಿತಿ) ಹೆಚ್ಚಾಗಿ ಕಾಣಲಿಲ್ಲ. ಜನರ ಒಡನಾಟದಲ್ಲಿ ಸುಖ ಕಾಣದವರ ಕಥೆ ಬೇರೆಯಾಗಿತ್ತು. 1998ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ ಆ ಗುಂಪಿನ ಶೇ 24 ಮಂದಿಗೆ ಸ್ಕಿಜೋಫ್ರೇನಿಯಾ ಬಳಗಕ್ಕೆ ಸೇರಿದ ಒಂದಲ್ಲ ಒಂದು ತೊಂದರೆ ಬಂದಿತ್ತು. ಹೋಲಿಕೆಗೆ ಇಟ್ಟುಕೊಂಡವರಲ್ಲಿ ಶೇ 1.

ಈ ಅಂಕಿಯನ್ನು ಯಾರೂ ತಪ್ಪಾಗಿ ಹಿಡಿಯಬಾರದು. ಅದು ಕೆಲವೇ ಡಜನ್ ವಿದ್ಯಾರ್ಥಿಗಳ ಗುಂಪು, ಅದೂ ಅಮೆರಿಕದ ಒಂದು ಕಾಲೇಜಿನದು. ‘ಬಳಗ’ ಎಂದಾಗ ಪೂರ್ಣ ಸ್ಕಿಜೋಫ್ರೇನಿಯಾ ಮಾತ್ರವಲ್ಲ, ಅದರ ಹತ್ತಿರದ ವ್ಯಕ್ತಿತ್ವ ದೋಷಗಳೂ ಸೇರುತ್ತವೆ. ಎಲ್ಲಕ್ಕಿಂತ ಮುಖ್ಯವಾಗಿ, ಅದೇ ಲೆಕ್ಕವನ್ನು ತಿರುಗಿಸಿ ಓದಿದರೆ ನಾಲ್ವರಲ್ಲಿ ಮೂವರಿಗೆ ಆ ಬಳಗದ ಯಾವ ತೊಂದರೆಯೂ ಬರಲಿಲ್ಲ. ಆದ್ದರಿಂದ ನಾವು ಕೇಳುತ್ತಿರುವುದು ಒಂಟಿಯಾಗಿ ಕೂರುವ ಹುಡುಗರಿಗೆಲ್ಲ ರೋಗದ ಹೆಸರು ಅಂಟಿಸುವ ಅಭಿಯಾನವನ್ನಲ್ಲ. ಅಂಥದ್ದು ಶುರುವಾದರೆ ನಾವೇ ಮೊದಲು ವಿರೋಧಿಸುತ್ತೇವೆ. ಕೇಳುತ್ತಿರುವುದು ನಿಗಾ ಮಾತ್ರ.

ಇನ್ನೊಂದು ಸಂಗತಿ ನಮ್ಮ ಕೆಲಸಕ್ಕೆ ನೇರವಾಗಿ ಬೇಕಾದದ್ದು. ಅಮೆರಿಕದ ಮನಶ್ಶಾಸ್ತ್ರಜ್ಞೆ ಆನ್ ಕ್ರಿಂಗ್ ಮತ್ತು ಅವರ ಜೊತೆಗಾರರ ಅಧ್ಯಯನಗಳು ತೋರಿಸಿದಂತೆ, ಸ್ಕಿಜೋಫ್ರೇನಿಯಾ ಇರುವವರು ಸುಖ ಎದುರಿಗೇ ಇದ್ದಾಗ ಬಹುಮಟ್ಟಿಗೆ ಉಳಿದವರಂತೆಯೇ ಅದನ್ನು ಅನುಭವಿಸುತ್ತಾರೆ. ಮುಖದ ಮೇಲೆ ಅದು ಕಾಣದಿರಬಹುದು, ಒಳಗೆ ಇರುತ್ತದೆ. ಸೋರಿಹೋಗಿರುವುದು ಮುನ್ನೋಟದ ಸುಖ, ಅಂದರೆ ನಾಳೆಯ ಜಾತ್ರೆಯನ್ನು ಇವತ್ತೇ ನೆನೆದು ಹಿಗ್ಗುವುದು. ಮಿದುಳಿನಲ್ಲಿ ಪ್ರತಿಫಲವನ್ನು ಎದುರುನೋಡುವಾಗ ಚುರುಕಾಗುವ ವೆಂಟ್ರಲ್ ಸ್ಟ್ರೈಯೇಟಮ್ ಎಂಬ ಭಾಗ, ಇನ್ನೂ ಔಷಧಿ ಶುರು ಮಾಡದ ರೋಗಿಗಳಲ್ಲೂ ಮಂದವಾಗಿರುವುದು ಸ್ಕ್ಯಾನ್ ಅಧ್ಯಯನಗಳಲ್ಲಿ ಕಂಡಿದೆ. ಎಂದರೆ ಎಲ್ಲವನ್ನೂ ಮಾತ್ರೆಯ ತಲೆಗೆ ಕಟ್ಟುವಂತಿಲ್ಲ.

ಇನ್ನು ಪ್ರಶ್ನೆ ಕೇಳುವ ಬಗೆ. ವಿದೇಶದ ಪ್ರಶ್ನಾವಳಿಯನ್ನು ಕನ್ನಡಕ್ಕೆ ಇಳಿಸಿ ಹಂಚಿದರೆ ಕೆಲಸ ಕೆಡುತ್ತದೆ. ಸೂರ್ಯಾಸ್ತದ ಸೊಬಗು ಹೇಗನ್ನಿಸುತ್ತದೆ ಎಂದು ಚಿಕ್ಕನಾಯಕನಹಳ್ಳಿಯ ತೋಟದಲ್ಲಿ ಕಾಯಿ ಸುಲಿಯುತ್ತಿರುವ ಹುಡುಗನನ್ನು ಕೇಳಿದರೆ ಅವನು ನಗುತ್ತಾನೆ, ಅಷ್ಟೇ. “ಸಂತೋಷವಾಗಿದ್ದೀಯಾ?” ಎಂದು ಕೇಳುವುದೂ ದಂಡ. ಉತ್ತರ ಸಿದ್ಧವಿರುತ್ತದೆ: “ಹೂಂ ಕಣಕ್ಕ, ಚೆನ್ನಾಗಿದೀನಿ.” ಹೌದು-ಇಲ್ಲ ಎಂದು ಮುಗಿಯುವ ಪ್ರಶ್ನೆ ಬೇಡ. ಬದಲಾವಣೆಯನ್ನು ಕೇಳಬೇಕು, ಹೆಸರು ಹಿಡಿದು ಕೇಳಬೇಕು. ಎರಡು ವರ್ಷದ ಹಿಂದೆ ಸಾಯಂಕಾಲ ಯಾರ ಜೊತೆ ಇರುತ್ತಿದ್ದೆ, ಈಗ ಅವರಲ್ಲಿ ಯಾರು ಸಿಗುತ್ತಾರೆ, ಕೊನೆಯ ಸಲ ಯಾವಾಗ ಸಿಕ್ಕಿದ್ದು. ಮುಂದಿನ ತಿಂಗಳು ಊರ ಜಾತ್ರೆ ಇದೆ, ಏನು ಮಾಡಬೇಕು ಅಂದುಕೊಂಡಿದ್ದೀಯ. ಮೊನ್ನೆ ಹಿತಕಿದ ಬೇಳೆ ಸಾರು ಮಾಡಿದ್ದರಲ್ಲ, ತಿನ್ನುವಾಗ ಹೇಗಿತ್ತು. ಜಾತ್ರೆಯ ಪ್ರಶ್ನೆ ಮುನ್ನೋಟದ ಸುಖಕ್ಕೆ, ಸಾರಿನ ಪ್ರಶ್ನೆ ಎದುರಿನ ಸುಖಕ್ಕೆ. ಸಾರು ರುಚಿಯಾಗಿತ್ತು ಎನ್ನುವವನು ಜಾತ್ರೆಯ ಬಗ್ಗೆ “ಏನೂ ಇಲ್ಲ” ಎಂದರೆ ಅದನ್ನು ಹಾಗೆಯೇ, ಅವನ ಮಾತಲ್ಲೇ ಬರೆದುಕೊಳ್ಳಬೇಕು.

ಎಲ್ಲಕ್ಕಿಂತ ಹೆಚ್ಚು ಹೇಳುವ ಪ್ರಶ್ನೆ ಮತ್ತೊಂದಿದೆ. ವಾರವಿಡೀ ಯಾರೂ ಮನೆಗೆ ಬರದಿದ್ದರೆ, ಯಾರೂ ಫೋನ್ ಮಾಡದಿದ್ದರೆ ನಿನಗೆ ಹೇಗನ್ನಿಸುತ್ತದೆ? ನಾಚಿಕೆಯ ಹುಡುಗನಿಗೆ ಜನ ಬೇಕು, ಆದರೆ ಭಯ. ಅವನು ಒಳಗೊಳಗೇ ಕೊರಗುತ್ತಾನೆ. ಖಿನ್ನತೆಯಲ್ಲಿರುವವನಿಗೆ ಮೊದಲು ಸುಖವಿತ್ತು, ಈಗ ಹೋಗಿದೆ. ಹೋದದ್ದು ಅವನಿಗೆ ಗೊತ್ತು, ಅದಕ್ಕೆ ಸಂಕಟಪಡುತ್ತಾನೆ, ತಿಂಗಳುಗಳ ಲೆಕ್ಕದಲ್ಲಿ ಬಂದು ಹೋಗುತ್ತದೆ. ನಾವು ಹೇಳುತ್ತಿರುವ ಸ್ಥಿತಿಯಲ್ಲಿ ಜನ ಬೇಕು ಎಂದೇ ಅನ್ನಿಸುವುದಿಲ್ಲ, ಇಲ್ಲದ್ದಕ್ಕೆ ಸಂಕಟವೂ ಇಲ್ಲ. ಒಂಟಿಯಾಗಿದ್ದು ಓದುವುದರಲ್ಲೋ, ಮರಗೆಲಸದಲ್ಲೋ, ಚಿತ್ರ ಬರೆಯುವುದರಲ್ಲೋ ಮುಳುಗಿ ಖುಷಿಯಾಗಿರುವವರು ಈ ಯಾವ ಗುಂಪಿಗೂ ಸೇರುವುದಿಲ್ಲ. ಅವರನ್ನು ಅವರ ಪಾಡಿಗೆ ಬಿಡಬೇಕು.

ಇದನ್ನು ಮನೆಯವರ ಎದುರು ಕೇಳಬಾರದು. ಹಾಗೆಂದು ಮನೆಯವರನ್ನು ಬಿಟ್ಟೂ ಕೇಳಬಾರದು. ಹುಡುಗನನ್ನು ಒಂದು ಸಲ, ತಾಯಿಯನ್ನೋ ಅಕ್ಕನನ್ನೋ ಇನ್ನೊಂದು ಸಲ, ಬೇರೆ ಬೇರೆಯಾಗಿ. ತಂದೆಯ ಉತ್ತರ ಹೆಚ್ಚಾಗಿ “ಸೋಂಬೇರಿ” ಎಂಬಲ್ಲಿಗೇ ನಿಲ್ಲುತ್ತದೆ. ಪಾವಗಡ ತಾಲ್ಲೂಕಿನಲ್ಲಿ ಮನೆಮಾತು ತೆಲುಗು ಆಗಿರುವ ಊರುಗಳಿಗೆ ತೆಲುಗಿನಲ್ಲೂ, ಪಟ್ಟಣಗಳ ಮುಸ್ಲಿಂ ಕೇರಿಗಳಿಗೆ ಉರ್ದುವಿನಲ್ಲೂ ಇದೇ ಪ್ರಶ್ನೆಗಳಿರಬೇಕು. ಹಿಗ್ಗು, ಬೇಸರಗಳನ್ನು ಕಲಿತ ಭಾಷೆಯಲ್ಲಿ ಹೇಳಿಕೊಳ್ಳುವುದು ಕಷ್ಟ.

ಮೇಲಿನ ಬದಲಾವಣೆ ಆರು ತಿಂಗಳಿಂದ ಇದ್ದರೆ ಮುಂದೇನು? ಮೊದಲು ಸುಲಭದ ಕಾರಣಗಳನ್ನು ತಳ್ಳಿಹಾಕಬೇಕು: ಹಿಮೋಗ್ಲೋಬಿನ್, ಥೈರಾಯ್ಡ್, ಬಿ-12. ರಕ್ತಹೀನತೆ ಇರುವ ಹುಡುಗಿ ಮೂಲೆ ಹಿಡಿದು ಕೂರಲು ಮಿದುಳಿನ ಕಾಯಿಲೆಯೇ ಬೇಕಿಲ್ಲ. ಗಾಂಜಾ ಬಗ್ಗೆ ಪೊಲೀಸ್ ದನಿಯಲ್ಲಲ್ಲದೆ ಕೇಳಬೇಕು. ದಿನವೂ ಸೇದುವವರಲ್ಲಿ ಸೈಕೋಸಿಸ್‌ನ ಅಪಾಯ ಹಲವು ಪಟ್ಟು, ಅದರ ಜೊತೆಗೆ ನಿರಾಸಕ್ತಿಯನ್ನು ಅದೇ ಹುಟ್ಟಿಸುವುದೂ ಉಂಟು. ತಂದೆ, ತಾಯಿ, ಒಡಹುಟ್ಟಿದವರಲ್ಲಿ ಯಾರಿಗಾದರೂ ಸ್ಕಿಜೋಫ್ರೇನಿಯಾ ಇದೆಯೇ ಎಂದು ಕೇಳಬೇಕು. ಸಾಮಾನ್ಯರಲ್ಲಿ ಜೀವಮಾನದ ಅಪಾಯ ನೂರಕ್ಕೆ ಒಂದರ ಆಸುಪಾಸಿದ್ದರೆ, ತಂದೆ ತಾಯಿಯರಲ್ಲಿ ಒಬ್ಬರಿಗಿದ್ದಾಗ ಅದು ಹತ್ತರ ಸಮೀಪಕ್ಕೆ ಏರುತ್ತದೆ. ನಿರಾಸಕ್ತಿ, ಕುಟುಂಬದ ಹಿನ್ನೆಲೆ, ಇವುಗಳ ಜೊತೆಗೆ ಆಗಾಗ ಮಿಂಚಿ ಮಾಯವಾಗುವ ವಿಚಿತ್ರ ಅನುಮಾನಗಳು (ಟಿವಿಯವರು ನನ್ನ ಬಗ್ಗೆಯೇ ಮಾತಾಡಿದರಾ, ಬಸ್ಸಿನಲ್ಲಿದ್ದವರು ನನ್ನನ್ನೇ ನೋಡಿ ನಕ್ಕರಾ) ಸೇರಿದರೆ, ಅಂಥವರನ್ನು ಮನೋವೈದ್ಯರು ಒಮ್ಮೆ ನೋಡಲೇಬೇಕು.

ಒಂದು ಎಚ್ಚರಿಕೆಯನ್ನು ವೈದ್ಯ ಮಿತ್ರರಿಗೂ ಹೇಳಬೇಕಾಗಿದೆ. ಬರೀ ಅಪಾಯದ ಸ್ಥಿತಿಯಲ್ಲಿರುವವರಿಗೆ ಸೈಕೋಸಿಸ್ ಮಾತ್ರೆ ಬರೆದುಕೊಡಬಾರದು. ಬ್ರಿಟನ್ನಿನಲ್ಲಿ ಚಿಕಿತ್ಸೆಯ ಮಾನದಂಡ ರೂಪಿಸುವ ನೈಸ್ ಸಂಸ್ಥೆಯ 2014ರ ಮಾರ್ಗಸೂಚಿಯೂ ಸೈಕೋಸಿಸ್ ತಡೆಯಲೆಂದು ಅಂಥ ಔಷಧಿ ಕೊಡಬೇಡಿ ಎಂದೇ ಹೇಳುತ್ತದೆ. ವಿಶೇಷ ಕ್ಲಿನಿಕ್‌ಗಳು ಅಳೆದು ತೂಗಿ ‘ಅಪಾಯವಿದೆ’ ಎಂದವರಲ್ಲೂ ಮೂರು ವರ್ಷದಲ್ಲಿ ಸೈಕೋಸಿಸ್ ಬರುವುದು ಸುಮಾರು ನಾಲ್ವರಲ್ಲಿ ಒಬ್ಬರಿಗೆ. ಉಳಿದ ಮೂವರಿಗೆ ಮಾತ್ರೆಯಿಂದ ಸಿಗುವುದು ತೂಕ, ತೂಕಡಿಕೆ, ಶುಗರ್. ಇವರಿಗೆ ಬೇಕಾದದ್ದು ತಿಂಗಳಿಗೊಮ್ಮೆ ಭೇಟಿ, ಸರಿಯಾದ ನಿದ್ದೆ, ಗಾಂಜಾ-ಕುಡಿತದಿಂದ ದೂರ, ಮನೆಯಲ್ಲಿ ಚುಚ್ಚುಮಾತು ಕಡಿಮೆ ಮಾಡುವ ಬಗ್ಗೆ ಮನೆಯವರ ಜೊತೆ ಮಾತುಕತೆ, ಆಪ್ತಸಮಾಲೋಚನೆ. ಮದುವೆಯ ಮಾತನ್ನು ಒಂದೆರಡು ವರ್ಷ ಮುಂದೂಡಿ ಎಂದು ಬಾಯಿಬಿಟ್ಟು ಹೇಳಬೇಕು. ಓಪಿ ಚೀಟಿಯ ಮೇಲೆ ದೊಡ್ಡಕ್ಷರದಲ್ಲಿ ಸ್ಕಿಜೋಫ್ರೇನಿಯಾ ಎಂದು ಬರೆದು ಪ್ರಶ್ನಾರ್ಥಕ ಚಿಹ್ನೆ ಹಾಕುವ ಅಭ್ಯಾಸ ನಿಲ್ಲಬೇಕು. ಆ ಚೀಟಿ ಔಷಧಿ ಕೌಂಟರಿನ ಸಾಲಿನಲ್ಲಿ ನಾಲ್ಕು ಕೈ ದಾಟುತ್ತದೆ, ಸಂಜೆಗೆ ಊರು ತಲುಪುತ್ತದೆ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ 23ನೇ ಸೆಕ್ಷನ್ ಗೋಪ್ಯತೆಯನ್ನು ಹಕ್ಕಾಗಿಯೇ ಕೊಟ್ಟಿದೆ.

ಆದರೆ ನಿಗಾ ಎಂಬ ಹೆಸರಿನಲ್ಲಿ ಕಾಯುತ್ತ ಕೂರಬಾರದ ಸಂದರ್ಭಗಳೂ ಇವೆ. ಸತತ ರಾತ್ರಿಗಳು ನಿದ್ದೆಯಿಲ್ಲದಿರುವುದು, ಒಬ್ಬನೇ ಮಾತಾಡುವುದು, ಊಟದಲ್ಲಿ ಏನೋ ಬೆರೆಸಿದ್ದಾರೆಂದು ತಟ್ಟೆ ತಳ್ಳುವುದು, ಸಾಯುವ ಮಾತು. ಇವು ಕಂಡರೆ ಮುಂದಿನ ಮಂಗಳವಾರದ ಮಾನಸಿಕ ಆರೋಗ್ಯ ಕ್ಲಿನಿಕ್ಕಿನವರೆಗೂ ಕಾಯದೆ ಅದೇ ದಿನ ಮನೋವೈದ್ಯರ ಬಳಿಗೆ ಕರೆದೊಯ್ಯಬೇಕು.

ಚಿಕಿತ್ಸೆ ಶುರುವಾದ ಮೇಲೂ ಸಂತೋಷದ ಪ್ರಶ್ನೆ ಮುಗಿಯುವುದಿಲ್ಲ. ರಿಸ್ಪೆರಿಡೋನ್, ಓಲಾಂಜಪೈನ್, ಹ್ಯಾಲೋಪೆರಿಡಾಲ್‌ನಂಥ ಸೈಕೋಸಿಸ್ ಮಾತ್ರೆಗಳು ಧ್ವನಿ ಮತ್ತು ಅನುಮಾನಗಳನ್ನು ಚೆನ್ನಾಗಿ ತಗ್ಗಿಸುತ್ತವೆ. ನಿರಾಸಕ್ತಿಯ ಮೇಲೆ ಅವುಗಳ ಹಿಡಿತ ಕಡಿಮೆ. ಆಗ ಮನೆಯವರು “ಮಾತ್ರೆ ತಿಂದೇ ಹಿಂಗಾದ” ಎಂದು ಮಾತ್ರೆ ನಿಲ್ಲಿಸುತ್ತಾರೆ. 2012ರಲ್ಲಿ ಹತ್ತಾರು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ ವಿಶ್ಲೇಷಣೆಯಲ್ಲಿ, ಔಷಧಿ ಮುಂದುವರಿಸಿದವರಲ್ಲಿ ಸುಮಾರು ಒಂದು ವರ್ಷದೊಳಗೆ ಕಾಯಿಲೆ ಮರುಕಳಿಸಿದ್ದು ಶೇ 27 ಮಂದಿಗೆ, ಬಿಟ್ಟವರಲ್ಲಿ ಶೇ 64 ಮಂದಿಗೆ. ಹಾಗಾದರೆ ಮನೆಯವರ ಮಾತು ಪೂರ್ತಿ ಸುಳ್ಳೇ? ಅಲ್ಲ. ಈ ಮಾತ್ರೆಗಳು ಮಿದುಳಿನ ಡೋಪಮಿನ್ ಎಂಬ ರಾಸಾಯನಿಕವನ್ನು ಹೆಚ್ಚು ಬಿಗಿಯಾಗಿ ತಡೆದಾಗ ಮುಖ ಮರಗಟ್ಟುತ್ತದೆ, ನಡಿಗೆಯಲ್ಲಿ ಕೈ ಬೀಸುವುದು ನಿಲ್ಲುತ್ತದೆ, ಜೊಲ್ಲು ಸುರಿಯುತ್ತದೆ, ಕೈ ನಡುಗುತ್ತದೆ. ಇದು ಔಷಧಿಯಿಂದ ಬಂದ ಮಂಕು, ಪ್ರಮಾಣ ಇಳಿಸಿದರೆ ಅಥವಾ ಔಷಧಿ ಬದಲಿಸಿದರೆ ಇಳಿಯುತ್ತದೆ. ಇದರ ಯಾವ ಗುರುತೂ ಇಲ್ಲದೆ, ಕಾಯಿಲೆಗೂ ಮುಂಚಿನಿಂದ ಬಂದಿರುವ ನಿರಾಸಕ್ತಿ ಬೇರೆ. ಈ ವ್ಯತ್ಯಾಸ ತಿಳಿಯಲು ರೋಗಿಯನ್ನು ಕುರ್ಚಿಯಿಂದ ಎಬ್ಬಿಸಿ ಹತ್ತು ಹೆಜ್ಜೆ ನಡೆಸಿ ನೋಡಿದರೆ ಅರ್ಧ ಕೆಲಸ ಆಯಿತು. ಜನಜಂಗುಳಿಯ ತಪಾಸಣಾ ದಿನಗಳಲ್ಲಿ ಆ ಹತ್ತು ಹೆಜ್ಜೆಗೂ ಜಾಗವಿರುವುದಿಲ್ಲ. ಬದಲಿಗೆ ಟ್ರೈಹೆಕ್ಸಿಫೆನಿಡಿಲ್ ಮಾತ್ರೆಯೊಂದನ್ನು ಎಲ್ಲರಿಗೂ ಸೇರಿಸಿ ಬರೆಯುವುದು ರೂಢಿಯಾಗಿದೆ. ಬಿಗಿತಕ್ಕೆ ಅದು ಉಪಯೋಗ. ವರ್ಷಗಟ್ಟಲೆ ಕಾರಣವಿಲ್ಲದೆ ನುಂಗಿಸಿದರೆ ನೆನಪನ್ನು ಮಸುಕು ಮಾಡುತ್ತದೆ.

ಮುನ್ನೋಟದ ಸುಖವೇ ಕುಂದಿದೆ ಎಂಬುದನ್ನು ಅರ್ಥ ಮಾಡಿಕೊಂಡರೆ ಪುನರ್ವಸತಿಯ ದಾರಿಯೂ ಬೇರೆಯಾಗುತ್ತದೆ. “ಅವನಿಗೇ ಮನಸ್ಸು ಬರ್ಲಿ, ಆಗ ಹೋಗ್ತಾನೆ” ಎಂದು ಕಾಯುವ ಮನೆಯವರಿದ್ದಾರೆ. ಆ ಮನಸ್ಸು ತಾನಾಗಿ ಬರುವುದಿಲ್ಲ. “ಹೋಗು, ಏನಾದ್ರೂ ಮಾಡು” ಎಂದು ಗದರುವವರೂ ಇದ್ದಾರೆ. ಅದರಿಂದಲೂ ಕೆಲಸವಾಗದು. ಕೈಹಿಡಿದು ಜೊತೆಗೆ ಕರೆದೊಯ್ದರೆ, ಅಲ್ಲಿಗೆ ಹೋದ ಮೇಲೆ ಸುಖ ತಕ್ಕಮಟ್ಟಿಗೆ ಸಿಗುತ್ತದೆ. ನಮ್ಮ ಜಿಲ್ಲೆಯ ಮಟ್ಟಿಗೆ ಊರ ಹಾಲಿನ ಡೇರಿಗಿಂತ ಒಳ್ಳೆಯ ಜಾಗ ನಮಗೆ ತೋಚುವುದಿಲ್ಲ. ಬೆಳಿಗ್ಗೆ, ಸಂಜೆ ಗೊತ್ತಾದ ಹೊತ್ತು. ಕ್ಯಾನು ಹಿಡಿದು ನಡೆಯುವ ಕೆಲಸ. ನಾಲ್ಕು ಮುಖ ಕಾಣುತ್ತವೆ, ಹೆಚ್ಚು ಮಾತಾಡಬೇಕಿಲ್ಲ. ಲೀಟರ್ ಎಷ್ಟು, ಫ್ಯಾಟ್ ಎಷ್ಟು ಎಂಬ ಚೀಟಿ ಕೈಗೆ ಬರುತ್ತದೆ, ಬಟವಾಡೆಯ ದಿನ ದುಡ್ಡೂ ಬರುತ್ತದೆ. ಮೊದಲ ಎರಡು ವಾರ ಮನೆಯವರೊಬ್ಬರು ಜೊತೆಗಿರಬೇಕು, ಆಮೇಲೆ ಅರ್ಧ ದಾರಿ, ಆಮೇಲೆ ಬಾಗಿಲವರೆಗೆ. ವಾಪಸ್ ಬಂದ ಮೇಲೆ ಒಂದು ನೋಟ್‌ಬುಕ್ಕಿನಲ್ಲಿ ಒಂದೇ ಸಾಲು ಬರೆಸಿ: ಹೋಗುವ ಮುಂಚೆ ಹೇಗನ್ನಿಸಿತ್ತು, ಹೋದಾಗ ಹೇಗಿತ್ತು, ಹತ್ತಕ್ಕೆ ಎಷ್ಟು ಅಂಕ. ಮೊದಲ ಅಂಕ ಎರಡಿದ್ದು ನಂತರದ್ದು ಐದಿರುವುದು ಪದೇ ಪದೇ ಕಾಣುತ್ತದೆ. ಮರುದಿನ ಹೊರಡುವ ಮುಂಚೆ ಆ ಸಾಲನ್ನು ಅವನಿಂದಲೇ ಓದಿಸಿ. ಒಂದು ದಿನ ತಪ್ಪಿದರೆ ಬೈಯಬೇಡಿ. ಮೂರು ದಿನ ತಪ್ಪಿದರೆ ಮತ್ತೆ ಜೊತೆಗೆ ಹೋಗಲು ಶುರು ಮಾಡಿ.

ಅಂಗವಿಕಲ ಪ್ರಮಾಣಪತ್ರದ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇವೆ. ಮಾನಸಿಕ ಕಾಯಿಲೆಯ ಅಂಗವೈಕಲ್ಯ ಅಳೆಯುವ ಐಡಿಯಾಸ್ ಮಾಪಕದಲ್ಲಿ ಸ್ವಂತ ಆರೈಕೆ, ಜನರೊಡನೆ ಒಡನಾಟ, ಮಾತು ಮತ್ತು ತಿಳಿವಳಿಕೆ, ಕೆಲಸ ಎಂಬ ನಾಲ್ಕು ವಿಭಾಗಗಳಿವೆ. ಶೇ 40 ಬಂದರೆ ಸೌಲಭ್ಯ. ಗಲಾಟೆ ಮಾಡದ, ಕೂತಲ್ಲೇ ಕೂರುವ ರೋಗಿಗೆ ಇಲ್ಲಿ ಅನ್ಯಾಯವಾಗುತ್ತದೆ. “ಸ್ನಾನ ಮಾಡ್ತಾನಾ?” ಎಂದರೆ ತಾಯಿ “ಮಾಡ್ತಾನೆ” ಎನ್ನುತ್ತಾಳೆ. ನೀರು ಕಾಯಿಸಿ, ಮೂರು ಸಲ ಕೂಗಿ, ಟವೆಲ್ ಹೆಗಲ ಮೇಲೆ ಹಾಕಿ ಕಳಿಸುವವಳು ತಾನೇ ಎಂಬುದು ಅವಳಿಗೆ ಹೇಳಬೇಕಾದ ವಿಷಯ ಅನ್ನಿಸಿರುವುದಿಲ್ಲ. “ಹೇಳದೇ ಮಾಡ್ತಾನಾ, ಎಷ್ಟು ಸಲ ಹೇಳ್ಬೇಕು?” ಎಂಬ ಒಂದು ಪ್ರಶ್ನೆ ಸೇರಿದರೆ ಅಂಕ ಬದಲಾಗುತ್ತದೆ. ಪ್ರಮಾಣಪತ್ರ ಕೊಡುವ ಮಂಡಳಿಯ ವೈದ್ಯರಿಗೆ ಇದನ್ನು ಸೂಚಿಸಬೇಕು.

ಮಾನ್ಯರೇ, ಆಶಾ ನಮೂನೆಯ ವಯೋಮಿತಿ ದೆಹಲಿಯಲ್ಲಿ ನಿರ್ಧಾರವಾಗುವುದು, ಅದನ್ನು ತಿದ್ದುವ ಅಧಿಕಾರ ಜಿಲ್ಲೆಗಿಲ್ಲ ಎಂಬುದು ನಮಗೆ ಗೊತ್ತು. ಆದರೆ ಜಿಲ್ಲೆಯ ಕೈಯಲ್ಲಿ ಇರುವುದೂ ಕಡಿಮೆಯೇನಲ್ಲ. ಹದಿನೆಂಟರವರೆಗೆ ಶಾಲಾ ಆರೋಗ್ಯ ತಪಾಸಣೆಯ ತಂಡಗಳಿವೆ, ಹತ್ತೊಂಬತ್ತರವರೆಗೆ ಹದಿಹರೆಯದವರಿಗೆಂದೇ ಇರುವ ಸ್ನೇಹ ಕ್ಲಿನಿಕ್ ಇದೆ. ಮೂವತ್ತರ ನಂತರ ಆಶಾ ನಮೂನೆ ಇದೆ. ನಡುವಿನ ಹತ್ತು ಹನ್ನೊಂದು ವರ್ಷ, ಅಂದರೆ ಈ ಕಾಯಿಲೆ ಹೆಚ್ಚಾಗಿ ಬರುವ ವರ್ಷಗಳಲ್ಲೇ, ಯಾವ ಕಾರ್ಯಕ್ರಮವೂ ಬಾಗಿಲು ತಟ್ಟುವುದಿಲ್ಲ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಡಿ ಒಂದು ಪುಟದ ಪೂರಕ ಹಾಳೆ ಮಾಡಿ, ಹದಿನಾರರಿಂದ ಮೂವತ್ತರವರೆಗಿನವರಿಗೆ ಮೇಲೆ ಹೇಳಿದ ಬಗೆಯ ನಾಲ್ಕೈದು ಪ್ರಶ್ನೆಗಳನ್ನು ವರ್ಷಕ್ಕೊಮ್ಮೆ ಕೇಳಿಸಿ. ಪದವಿ ಕಾಲೇಜು, ಐಟಿಐಗಳಲ್ಲಿ ಹಾಜರಾತಿ ಕುಸಿದ ವಿದ್ಯಾರ್ಥಿಯ ಮನೆಗೆ ನೋಟಿಸ್ ಕಳಿಸುವ ಮುಂಚೆ ಆಪ್ತಸಮಾಲೋಚಕರು ಒಮ್ಮೆ ಮಾತಾಡಲಿ. 2014ರಲ್ಲಿ ಶುರುವಾದ ಮನೋಚೈತನ್ಯ ಎಂಬ ರಾಜ್ಯದ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮಂಗಳವಾರದ ಕ್ಲಿನಿಕ್ಕಿನಲ್ಲಿ ಕೊನೆಯ ಒಂದು ಗಂಟೆಯನ್ನು ಹೀಗೆ ಗುರುತಿಸಿದ ಯುವಜನರಿಗೆಂದೇ ಮೀಸಲಿಡಿ, ಹಳೆಯ ರೋಗಿಗಳ ಸಾಲಿನಲ್ಲಿ ಅವರನ್ನು ನಿಲ್ಲಿಸಬೇಡಿ. ಹಳೆಯ ರೋಗಿಗಳಿಗೆ ಮೂವತ್ತು ದಿನದ ಮಾತ್ರೆ ಒಟ್ಟಿಗೆ ಕೊಟ್ಟರೆ ಆ ಗಂಟೆ ತಾನಾಗಿ ಸಿಗುತ್ತದೆ. ಪಾವಗಡದಿಂದ ತುಮಕೂರಿಗೆ ಸುಮಾರು 100 ಕಿಲೋಮೀಟರ್. ಮಾತ್ರೆ ಮುಗಿದವರು ಅಷ್ಟು ದೂರ ಬರುವುದಿಲ್ಲ, ಮಾತ್ರೆಯನ್ನೇ ಬಿಡುತ್ತಾರೆ.

ನಮ್ಮ ಜಿಲ್ಲೆಯಲ್ಲಿ ಆಗುವುದಿಲ್ಲ ಎನ್ನುವಂತಿಲ್ಲ. 1980ರ ದಶಕದಲ್ಲಿ ಬಳ್ಳಾರಿಯಲ್ಲಿ ನಿಮ್ಹಾನ್ಸ್ ಮಾಡಿ ತೋರಿಸಿದ ಮಾದರಿಯೇ 1996ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬುನಾದಿಯಾಯಿತು. ನಮ್ಮದೇ ತುರುವೇಕೆರೆ ತಾಲ್ಲೂಕಿನಲ್ಲಿ, ತೀರ್ಥಹಳ್ಳಿಯಲ್ಲಿ ಮಾಡಿದಂತೆಯೇ, ಸೈಕೋಸಿಸ್ ಇರುವವರನ್ನು ಊರಲ್ಲೇ ಗುರುತಿಸಿ ಊರಲ್ಲೇ ಚಿಕಿತ್ಸೆ ಮುಂದುವರಿಸುವ ಕಾರ್ಯಕ್ರಮವನ್ನು ನಿಮ್ಹಾನ್ಸ್ ವೈದ್ಯರು ನಡೆಸಿದ್ದಾರೆ. ಆ ಅನುಭವ ಇಲ್ಲೇ ಇದೆ. ಉಳಿದ ಒಂಬತ್ತು ತಾಲ್ಲೂಕುಗಳಿಗೆ ಅದು ಏಕೆ ಹರಡಬಾರದು? 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ಸೈಕೋಸಿಸ್ ಇರುವವರಲ್ಲಿ ಶೇ 75.5 ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಸಮೀಕ್ಷೆ ನಡೆದ 12 ರಾಜ್ಯಗಳಲ್ಲಿ ಕರ್ನಾಟಕ ಇರಲಿಲ್ಲ ಎಂದು ನಾವು ಸಮಾಧಾನಪಟ್ಟುಕೊಳ್ಳಲು ಕಾರಣವೇನೂ ಕಾಣುತ್ತಿಲ್ಲ. 2017ರ ಕಾಯ್ದೆಯ 18ನೇ ಸೆಕ್ಷನ್ ಚಿಕಿತ್ಸೆಯ ಹಕ್ಕನ್ನೂ, 29ನೇ ಸೆಕ್ಷನ್ ತಡೆಗಟ್ಟುವ ಕಾರ್ಯಕ್ರಮ ನಡೆಸುವ ಹೊಣೆಯನ್ನೂ ಸರ್ಕಾರದ ಮೇಲೆ ಹಾಕಿವೆ.

ಆಶಾ ಅಕ್ಕಂದಿರ ಬಗ್ಗೆ ಒಂದು ಮಾತು. ಅವರ ಚೀಲದಲ್ಲಿ ಈಗಾಗಲೇ ಇರುವ ರಿಜಿಸ್ಟರುಗಳೇ ಅವರನ್ನು ಬಗ್ಗಿಸಿವೆ. ಈ ಹಾಳೆಗೆ ಪ್ರತ್ಯೇಕ ಪ್ರೋತ್ಸಾಹಧನ ಕೊಡದೆ ಹೇರಿದರೆ ಅದು ಮನೆಯಲ್ಲೇ ಕೂತು ತುಂಬಿದ ಹಾಳೆಯಾಗುತ್ತದೆ, ಮತ್ತು ಆ ತಪ್ಪು ಅವರದ್ದಾಗಿರುವುದಿಲ್ಲ. ತರಬೇತಿಗೆ ಅರ್ಧ ದಿನ ಸಾಕು. ಸ್ಲೈಡು ತೋರಿಸುವುದಕ್ಕಿಂತ ಇಬ್ಬಿಬ್ಬರನ್ನು ಕೂರಿಸಿ ಪ್ರಶ್ನೆ ಕೇಳಿಸಿ ಅಭ್ಯಾಸ ಮಾಡಿಸಬೇಕು. ಮೊದಲು ಒಂದು ತಾಲ್ಲೂಕಿನಲ್ಲಿ ಆರು ತಿಂಗಳು ನಡೆಸಿ, ಎಷ್ಟು ಮಂದಿಯನ್ನು ಕೇಳಲಾಯಿತು, ಎಷ್ಟು ಮಂದಿ ಮನೋವೈದ್ಯರನ್ನು ಕಂಡರು, ಎಷ್ಟು ಮಂದಿಗೆ ಅನಗತ್ಯವಾಗಿ ಮಾತ್ರೆ ಬಿತ್ತು ಎಂಬ ಮೂರೂ ಲೆಕ್ಕಗಳನ್ನು ಹೆಸರಿಲ್ಲದೆ ಪ್ರಕಟಿಸಬೇಕೆಂದು ಕೋರುತ್ತೇವೆ. ಮೂರನೆಯ ಲೆಕ್ಕ ಕೇಳಲು ಮುಜುಗರವೆನಿಸಬಹುದು, ಆದರೂ ಅದು ಬೇಕು.

ಅಲ್ಲಿಯವರೆಗೆ ದುಡ್ಡಿಲ್ಲದೆ ಆಗುವ ಕೆಲಸವೊಂದಿದೆ. 2022ರ ಅಕ್ಟೋಬರ್‌ನಿಂದ ನಡೆಯುತ್ತಿರುವ ಟೆಲಿ ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ. ಈ ಸಂಖ್ಯೆಯನ್ನು ಆಸ್ಪತ್ರೆಯ ಗೋಡೆಗಿಂತ ಮೊದಲು ಹಾಲಿನ ಡೇರಿ, ನ್ಯಾಯಬೆಲೆ ಅಂಗಡಿ, ಕಾಲೇಜಿನ ಬಸ್ ನಿಲ್ದಾಣಗಳಲ್ಲಿ ಬರೆಸಿ. ಸಂಖ್ಯೆಯ ಕೆಳಗೆ ‘ಮಾನಸಿಕ ರೋಗಿಗಳಿಗಾಗಿ’ ಎಂದು ಬರೆಸಬೇಡಿ, ಯಾರೂ ಫೋನ್ ಎತ್ತುವುದಿಲ್ಲ. ‘ಮನೆಯ ಮಗನೋ ಮಗಳೋ ಆರು ತಿಂಗಳಿಂದ ಜನರನ್ನು ಬಿಟ್ಟು ಒಂಟಿಯಾಗಿದ್ದರೆ ಈ ಸಂಖ್ಯೆಗೆ ಕರೆ ಮಾಡಿ ಕೇಳಿ’ ಎಂದು ಬರೆಸಿ.

ಇಂತಿ ತಮ್ಮ ವಿಶ್ವಾಸಿಗಳು,
ತುಮಕೂರು ಜಿಲ್ಲೆಯಲ್ಲಿ ಮಾನಸಿಕ ಆರೋಗ್ಯ ಕ್ಷೇತ್ರದಲ್ಲಿ ದುಡಿಯುತ್ತಿರುವ ಕೆಲವರು